ಫಾರ್ಮ್ಯಾಟ್ ಮಾಡಿಸುವ ಮೊದಲು: ಮನೆ ಕಂಪ್ಯೂಟರ್‌ನ ಡ್ರೈವರ್ ಎರರ್‌ಗಳನ್ನು ನೀವೇ ಸರಿಪಡಿಸುವುದು ಹೇಗೆ?

ವಿಂಡೋಸ್ ಅಪ್‌ಡೇಟ್ ಆಯಿತು, ವೈಫೈ ಮಾಯ. ಮೀಟಿಂಗ್ ಶುರುವಾಗಬೇಕು, ಸೌಂಡ್ ಇಲ್ಲ. ಮಗಳ ಪ್ರಾಜೆಕ್ಟ್ ಪ್ರಿಂಟ್ ತೆಗೆಯಬೇಕು, ಪ್ರಿಂಟರ್ ಜಪ್ಪಯ್ಯ ಅನ್ನುತ್ತಿಲ್ಲ. ಇಂಥ ಹೊತ್ತಲ್ಲಿ ಕಂಪ್ಯೂಟರನ್ನು ಅಂಗಡಿಗೆ ಹೊತ್ತುಕೊಂಡು ಹೋದರೆ ಎಷ್ಟೋ ಸಲ ಸಿಗುವ ಉತ್ತರ ಒಂದೇ: "ಫಾರ್ಮ್ಯಾಟ್ ಮಾಡ್ಬೇಕಾಗುತ್ತೆ ಸಾರ್." ಫಾರ್ಮ್ಯಾಟ್ ಮಾಡಿದರೆ ಸರಿಹೋಗುವುದೂ ಉಂಟು. ಆದರೆ ಅದರ ಜೊತೆ ಬ್ಯಾಕಪ್ ಇಲ್ಲದ ಫೋಟೊಗಳು, ಹಾಕಿಕೊಂಡಿದ್ದ ಸಾಫ್ಟ್‌ವೇರ್‌ಗಳು, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಎಲ್ಲವೂ ಹೋಗಬಹುದು. ಕೆಟ್ಟಿದ್ದು ಒಂದು ಡ್ರೈವರ್. ಅಷ್ಟಕ್ಕೆ ಇಡೀ ಕಂಪ್ಯೂಟರ್ ಖಾಲಿ ಮಾಡಬೇಕಾದ ಸಂದರ್ಭ ಬಹಳ ಕಡಿಮೆ.

ಯಾವ ಸಾಧನಕ್ಕೆ ತೊಂದರೆ, ಯಾವ ಎರರ್ ಕೋಡ್, ಅದಕ್ಕೆ ಯಾವ ಡ್ರೈವರ್ ಬೇಕು. ಈ ಮೂರೂ ವಿಷಯಗಳನ್ನು ಕಂಪ್ಯೂಟರೇ ಹೇಳುತ್ತದೆ. ಅದನ್ನು ಓದಿಕೊಂಡು ಆಮೇಲೆ ಕೈ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಈ ಬರಹ ವಿಂಡೋಸ್ 10 ಮತ್ತು 11 ಬಳಸುವವರಿಗೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಮೆನು ಹೆಸರುಗಳನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಹುಡುಕಲು ಸುಲಭವಾಗಲಿ ಅಂತ.

ಡ್ರೈವರ್ ಯಾಕೆ ಇಷ್ಟು ಕಾಡುತ್ತದೆ?

ವೈಫೈ ಕಾರ್ಡ್, ಸೌಂಡ್ ಚಿಪ್, ಪ್ರಿಂಟರ್, ಕ್ಯಾಮೆರಾ ಇವುಗಳನ್ನೆಲ್ಲ ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆ. ಪ್ರತಿಯೊಂದರ ಜೊತೆ ಹೇಗೆ ಕೆಲಸ ಮಾಡಬೇಕು ಎಂದು ವಿಂಡೋಸ್‌ಗೆ ಹೇಳಿಕೊಡುವ ಪುಟ್ಟ ಸಾಫ್ಟ್‌ವೇರೇ ಡ್ರೈವರ್. ಇದು ಬೇರೆ ಸಾಫ್ಟ್‌ವೇರ್‌ಗಳ ಹಾಗೆ ಮೇಲ್ಮೆಟ್ಟಿಲಲ್ಲಿ ಕೂರುವುದಿಲ್ಲ. ಅನೇಕ ಡ್ರೈವರ್‌ಗಳು ವಿಂಡೋಸ್‌ನ ತಿರುಳಿನಲ್ಲೇ, ಅಂದರೆ ಕರ್ನಲ್‌ನಲ್ಲಿ ಓಡುತ್ತವೆ. ಬ್ರೌಸರ್ ಕೆಟ್ಟರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತದೆ. ಕರ್ನಲ್‌ನಲ್ಲಿರುವ ಡ್ರೈವರ್ ಎಡವಿದರೆ ಇಡೀ ಯಂತ್ರ ನಿಂತುಬಿಡುತ್ತದೆ.

2024ರ ಜುಲೈ 19ರಂದು ಜಗತ್ತೇ ಇದನ್ನು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಕರ್ನಲ್ ಡ್ರೈವರ್ ಓದುವ ಒಂದು ಫೈಲ್‌ನಲ್ಲಿ ತಪ್ಪಿತ್ತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ಆ ದಿನ ಅನೇಕ ಕಡೆ ಮಾಡಿದ ಪರಿಹಾರ ಏನು ಗೊತ್ತಾ? ಸೇಫ್ ಮೋಡ್‌ಗೆ, ಅಂದರೆ ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿಗೆ ಹೋಗಿ ಆ ಒಂದು ಫೈಲ್ ಅಳಿಸಿದ್ದು. ಯಾರೂ ಲಕ್ಷಗಟ್ಟಲೆ ಯಂತ್ರಗಳನ್ನು ಫಾರ್ಮ್ಯಾಟ್ ಮಾಡುತ್ತಾ ಕೂರಲಿಲ್ಲ. ನಮ್ಮ ಮನೆ ಕಂಪ್ಯೂಟರ್‌ಗೂ ಇದೇ ದಾರಿ.

ಮೊದಲು ರೀಸ್ಟಾರ್ಟ್ ಮಾಡಿ, ಶಟ್ ಡೌನ್ ಅಲ್ಲ

"ಆಫ್ ಮಾಡಿ ಆನ್ ಮಾಡಿದೆ, ಆದ್ರೂ ಹಾಗೇ ಇದೆ" ಎಂದು ಬಹಳ ಜನ ಹೇಳುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಸಾಮಾನ್ಯವಾಗಿ ಆನ್ ಆಗಿಯೇ ಇರುತ್ತದೆ. ಅದು ಇದ್ದಾಗ 'ಶಟ್ ಡೌನ್' ಒತ್ತಿದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು, ಮುಂದಿನ ಸಲ ಅಲ್ಲಿಂದಲೇ ಎಬ್ಬಿಸುತ್ತದೆ. ಗೋಡೆಯ ಸ್ವಿಚ್ ಆರಿಸಿ ರಾತ್ರಿಯಿಡೀ ಬಿಟ್ಟರೂ ಬೆಳಗ್ಗೆ ಎದ್ದು ಬರುವುದು ಅದೇ ಕೆಟ್ಟ ಡ್ರೈವರ್ ಸ್ಥಿತಿ. 'ರೀಸ್ಟಾರ್ಟ್' ಒತ್ತಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಪೂರ್ತಿ ಆರಿಸಲೇಬೇಕು ಅಂದರೆ ಶಿಫ್ಟ್ ಕೀ ಒತ್ತಿ ಹಿಡಿದು 'ಶಟ್ ಡೌನ್' ಕ್ಲಿಕ್ ಮಾಡಿ.

ಲ್ಯಾಪ್‌ಟಾಪ್‌ನಲ್ಲಿ ವೈಫೈ ಅಥವಾ ಕ್ಯಾಮೆರಾ ಇದ್ದಕ್ಕಿದ್ದಂತೆ ಕಾಣೆಯಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ಪವರ್ ಬಟನನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಹೋಗಿ, ಸಿಕ್ಕಿಕೊಂಡಿದ್ದ ಚಿಪ್ ಮತ್ತೆ ಏಳುತ್ತದೆ. ನೋಡುವುದಕ್ಕೆ ಸುಮ್ನೆ ಮಾಡಿದಂತಿರುತ್ತದೆ, ಆದರೆ ಇದು ಎಷ್ಟು ಸಲ ಕೆಲಸ ಮಾಡುತ್ತದೆ ಅಂದರೆ ನಾನು ಇದನ್ನು ಬಿಟ್ಟು ಮುಂದೆ ಹೋಗುವುದೇ ಇಲ್ಲ.

ಕೈ ಹಾಕುವ ಮುನ್ನ ಎರಡು ಭದ್ರತೆ

ಒಂದು, ರೀಸ್ಟೋರ್ ಪಾಯಿಂಟ್. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರೀಸ್ಟೋರ್ ಪಾಯಿಂಟ್' ಎಂದು ಹುಡುಕಿ ತೆರೆಯಿರಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇದು ಆಫ್ ಆಗಿರುತ್ತದೆ. ಸಿ ಡ್ರೈವ್ ಆರಿಸಿ 'ಕಾನ್ಫಿಗರ್' ಒತ್ತಿ ಆನ್ ಮಾಡಿ, ಆಮೇಲೆ 'ಕ್ರಿಯೇಟ್' ಒತ್ತಿ ಒಂದು ಹೆಸರು ಕೊಡಿ. ಏನಾದರೂ ಎಡವಟ್ಟಾದರೆ ಡ್ರೈವರ್‌ಗಳು ಈ ಕ್ಷಣದ ಸ್ಥಿತಿಗೆ ವಾಪಸ್ ಬರುತ್ತವೆ. ನಿಮ್ಮ ಫೋಟೊ, ಡಾಕ್ಯುಮೆಂಟ್‌ಗಳನ್ನು ಇದು ಮುಟ್ಟುವುದಿಲ್ಲ.

ಎರಡು, ಬಿಟ್‌ಲಾಕರ್ ರಿಕವರಿ ಕೀ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ವಿಂಡೋಸ್ ಸೌಲಭ್ಯದಿಂದ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಅದಕ್ಕೆ ಬೀಗ ಬಿದ್ದಿರುತ್ತದೆ, ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಸೇಫ್ ಮೋಡ್‌ಗೆ ಹೋದಾಗ ಅಥವಾ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದಾಗ ಅದು 48 ಅಂಕೆಗಳ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ಯಾರ ಕೈಗೂ ಸಿಗುವುದಿಲ್ಲ. ಫೋನ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, 'ಡಿವೈಸಸ್' ವಿಭಾಗದಲ್ಲಿ ಆ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಡಿವೈಸ್ ಮ್ಯಾನೇಜರ್ ಏನು ಹೇಳುತ್ತಿದೆ?

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಕಂಪ್ಯೂಟರ್‌ನ ಎಲ್ಲ ಸಾಧನಗಳ ಪಟ್ಟಿ ಕಾಣುತ್ತದೆ. ಹಳದಿ ತ್ರಿಕೋನ ಇದ್ದ ಕಡೆ ತೊಂದರೆ. ಕೆಳಮುಖದ ಪುಟ್ಟ ಬಾಣ ಇದ್ದರೆ ಆ ಸಾಧನವನ್ನು ಯಾರೋ ಆಫ್ ಮಾಡಿದ್ದಾರೆ ಎಂದರ್ಥ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಎನೇಬಲ್ ಡಿವೈಸ್' ಅಂದರೆ ಮುಗಿಯಿತು.

ಹಳದಿ ಗುರುತಿನ ಸಾಧನದ ಮೇಲೆ ಡಬಲ್ ಕ್ಲಿಕ್ ಮಾಡಿ. 'ಡಿವೈಸ್ ಸ್ಟೇಟಸ್' ಎಂಬ ಚೌಕದಲ್ಲಿ ಒಂದೆರಡು ಸಾಲು ಇಂಗ್ಲಿಷ್, ಕೊನೆಗೆ ಒಂದು ಕೋಡ್ ಇರುತ್ತದೆ. ಈ ಸಂಖ್ಯೆಯೇ ಮುಖ್ಯ. ಮನೆಗಳಲ್ಲಿ ಪದೇ ಪದೇ ಕಾಣುವವು ಇವು:

ಕೋಡ್ 28 ಎಂದರೆ ಡ್ರೈವರ್ ಹಾಕಿಯೇ ಇಲ್ಲ. ಇದು ಅತ್ಯಂತ ಸುಲಭದ್ದು, ಸರಿಯಾದ ಡ್ರೈವರ್ ಹಾಕಿದರೆ ಆಯಿತು. ಕೋಡ್ 22 ಎಂದರೆ ಸಾಧನ ಡಿಸೇಬಲ್ ಆಗಿದೆ, ಮೇಲೆ ಹೇಳಿದ ಬಾಣದ ಗುರುತು ಅದೇ. ಕೋಡ್ 39 ಎಂದರೆ ಡ್ರೈವರ್ ಫೈಲ್ ಕೆಟ್ಟಿದೆ ಅಥವಾ ಕಳೆದಿದೆ, ಹಳೆಯದನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಬೇಕು. ಕೋಡ್ 52 ಎಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು, ಅಂದರೆ ಅದು ಅಸಲಿ ಎನ್ನುವ ಗುರುತನ್ನು ವಿಂಡೋಸ್ ಒಪ್ಪುತ್ತಿಲ್ಲ. ಬೇರೆ ಕಡೆಯಿಂದ ತಂದ ಅಥವಾ ತೀರಾ ಹಳೆಯ ಡ್ರೈವರ್ ಇರಬಹುದು.

ಕೋಡ್ 10 ಸ್ವಲ್ಪ ತಲೆನೋವಿನದು. "ಈ ಸಾಧನ ಶುರುವಾಗಲಿಲ್ಲ" ಎಂದಷ್ಟೇ ಅದು ಹೇಳುತ್ತದೆ. ತಪ್ಪು ಡ್ರೈವರ್ ಇರಬಹುದು, ಸಾಧನವೇ ಕೆಟ್ಟಿರಬಹುದು. ಅಪ್‌ಡೇಟ್ ಆದ ಮೇಲೆ ಬಂದಿದ್ದರೆ ಹಿಂದಿನ ಡ್ರೈವರ್‌ಗೆ ಮರಳಿ.

ಕೋಡ್ 43ರಲ್ಲಿ ಸಾಧನವೇ "ನನಗೆ ತೊಂದರೆಯಾಗಿದೆ" ಎಂದು ತಿಳಿಸಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿರುತ್ತದೆ. ಯುಎಸ್‌ಬಿ ಸಾಧನದಲ್ಲಿ 'ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್' ಎಂಬ ಮಾತಿನ ಜೊತೆ ಇದು ಬಂದರೆ ಡ್ರೈವರ್ ಹುಡುಕುತ್ತಾ ಸಂಜೆ ಕಳೆಯಬೇಡಿ. ಮೊದಲು ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ, ಮಧ್ಯೆ ಯುಎಸ್‌ಬಿ ಹಬ್ ಇದ್ದರೆ ತೆಗೆದು ನೇರ ಜೋಡಿಸಿ. ಇನ್ನೊಂದು ಕಂಪ್ಯೂಟರ್‌ನಲ್ಲೂ ಹಾಗೇ ಆದರೆ ಸಾಧನವೇ ಹೋಗಿದೆ.

ಹೆಸರೇ ಇಲ್ಲದ ಸಾಧನವನ್ನು ಗುರುತಿಸುವುದು

ಹೊಸದಾಗಿ ವಿಂಡೋಸ್ ಹಾಕಿದ ಮೇಲೆ 'ಅದರ್ ಡಿವೈಸಸ್' ಕೆಳಗೆ ವಿಚಿತ್ರ ಹೆಸರುಗಳು ಸಾಲಾಗಿ ನಿಂತಿರುತ್ತವೆ. ಹೆದರಬೇಡಿ, ಇವುಗಳ ಅರ್ಥ ಹೆಚ್ಚುಕಮ್ಮಿ ನಿಗದಿಯಾಗಿದೆ. 'ನೆಟ್‌ವರ್ಕ್ ಕಂಟ್ರೋಲರ್' ಸಾಮಾನ್ಯವಾಗಿ ವೈಫೈ. 'ಈಥರ್ನೆಟ್ ಕಂಟ್ರೋಲರ್' ವೈರ್ ಹಾಕುವ ನೆಟ್‌ವರ್ಕ್. 'ಎಸ್ಎಂ ಬಸ್ ಕಂಟ್ರೋಲರ್' ಅಂದರೆ ಚಿಪ್‌ಸೆಟ್ (ಮದರ್‌ಬೋರ್ಡ್‌ನ ಭಾಗಗಳನ್ನು ಬೆಸೆಯುವ ಚಿಪ್‌ಗಳು) ಡ್ರೈವರ್ ಹಾಕಿಲ್ಲ. ಇಂಟೆಲ್ ಯಂತ್ರಗಳಲ್ಲಿ 'ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್' ಎಂದಿದ್ದರೆ ಅದು ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್, ಚಿಪ್‌ಸೆಟ್‌ನೊಳಗಿನ ಒಂದು ಪುಟ್ಟ ನಿಯಂತ್ರಕ. 'ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್' ಸೌಂಡ್‌ಗೆ ಸೇರಿದ್ದು. 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಹಳದಿ ಗುರುತು ಇಲ್ಲದಿದ್ದರೂ ಗ್ರಾಫಿಕ್ಸ್ ಡ್ರೈವರ್ ಇಲ್ಲ ಎಂದೇ ತಿಳಿಯಿರಿ. ವಿಡಿಯೊ ತಡವರಿಸುವುದಕ್ಕೂ ಪರದೆಯ ಅಕ್ಷರ ದಪ್ಪದಪ್ಪ ಕಾಣುವುದಕ್ಕೂ ಅದೇ ಕಾರಣ.

ಹೆಸರಿನಿಂದ ಗೊತ್ತಾಗದಿದ್ದರೆ ಹಾರ್ಡ್‌ವೇರ್ ಐಡಿ ನೋಡಬೇಕು. ಸಾಧನದ 'ಪ್ರಾಪರ್ಟೀಸ್' ತೆರೆದು 'ಡಿಟೇಲ್ಸ್' ಟ್ಯಾಬ್‌ಗೆ ಹೋಗಿ. ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡೀಸ್' ಆರಿಸಿ. ಒಂದು ಉದ್ದನೆಯ ಸಾಲು ಕಾಣುತ್ತದೆ. ಅದನ್ನು ಭಾಗ ಮಾಡಿ ಓದೋಣ. ಶುರುವಿನಲ್ಲಿ ಪಿಸಿಐ ಎಂದಿದ್ದರೆ ಅದು ಮದರ್‌ಬೋರ್ಡ್‌ಗೆ ಸೇರಿದ ಸಾಧನ, ಯುಎಸ್‌ಬಿ ಎಂದಿದ್ದರೆ ಯುಎಸ್‌ಬಿ ಸಾಧನ. ಪಿಸಿಐ ಸಾಲಿನಲ್ಲಿ ಆಮೇಲೆ 'ವೆನ್' ಎಂಬ ಮೂರು ಇಂಗ್ಲಿಷ್ ಅಕ್ಷರದ ಮುಂದೆ ಬರುವ ನಾಲ್ಕು ಅಕ್ಷರ-ಅಂಕೆಗಳು ತಯಾರಕರ ಗುರುತು. 8086 ಇದ್ದರೆ ಇಂಟೆಲ್. 1002 ಇದ್ದರೆ ಎಎಂಡಿ. 10ಡಿಇ ಇದ್ದರೆ ಎನ್ವಿಡಿಯಾ. 10ಇಸಿ ಇದ್ದರೆ ರಿಯಲ್‌ಟೆಕ್. ಅದರ ಮುಂದೆ 'ಡೆವ್' ಎಂದು ಬರುವ ನಾಲ್ಕು, ನಿಖರವಾಗಿ ಯಾವ ಮಾಡೆಲ್ ಎಂದು ಹೇಳುತ್ತವೆ. ಉದಾಹರಣೆಗೆ ವೆನ್ 10ಇಸಿ, ಡೆವ್ ಸಿ821 ಎಂದಿದ್ದರೆ ಅದು ರಿಯಲ್‌ಟೆಕ್‌ನ ಆರ್‌ಟಿಎಲ್8821ಸಿಇ ವೈಫೈ ಕಾರ್ಡ್. ಕಡಿಮೆ ಬೆಲೆಯ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇದೇ ಇರುತ್ತದೆ.

ಆ ಸಾಲನ್ನು ಕಾಪಿ ಮಾಡಿ 'ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್' ತಾಣದ ಹುಡುಕು ಪೆಟ್ಟಿಗೆಯಲ್ಲಿ ಹಾಕಿ. ವೆನ್ ಮತ್ತು ಡೆವ್ ಭಾಗಗಳಷ್ಟೇ ಸಾಕು. ಮೈಕ್ರೋಸಾಫ್ಟ್ ಪರಿಶೀಲಿಸಿ ಸಹಿ ಹಾಕಿದ ಡ್ರೈವರ್‌ಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಈ ತಾಣ ಎಷ್ಟು ಉಪಯೋಗಿಯೋ ಅಷ್ಟೇ ಅಪರಿಚಿತ.

ಡ್ರೈವರ್ ಎಲ್ಲಿಂದ ತರಬೇಕು, ಎಲ್ಲಿಂದ ತರಬಾರದು

ಲ್ಯಾಪ್‌ಟಾಪ್ ಆದರೆ ಮೊದಲ ಜಾಗ ಅದನ್ನು ತಯಾರಿಸಿದ ಕಂಪನಿಯ ಸಪೋರ್ಟ್ ಪುಟ. ಕೆಳಗಿನ ಸ್ಟಿಕರ್‌ನಲ್ಲಿರುವ ಸೀರಿಯಲ್ ನಂಬರ್ ಕೊಟ್ಟರೆ ನಿಮ್ಮದೇ ಮಾಡೆಲ್‌ಗೆ ಬೇಕಾದ ಡ್ರೈವರ್‌ಗಳಷ್ಟೇ ಕಾಣುತ್ತವೆ. ಚಿಪ್ ತಯಾರಕರ ತಾಣದಲ್ಲಿ ಇನ್ನೂ ಹೊಸ ಡ್ರೈವರ್ ಇರಬಹುದು. ಆದರೂ ಸೌಂಡ್, ಟಚ್‌ಪ್ಯಾಡ್, ವಿಶೇಷ ಕೀಗಳ ವಿಷಯದಲ್ಲಿ ಲ್ಯಾಪ್‌ಟಾಪ್ ಕಂಪನಿ ಕೊಟ್ಟಿದ್ದೇ ಲೇಸು. ಅವರು ತಮ್ಮ ಯಂತ್ರಕ್ಕೆ ತಕ್ಕಂತೆ ಅದನ್ನು ಹೊಂದಿಸಿರುತ್ತಾರೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ನಿಮ್ಮೂರಲ್ಲೋ ಬಿಡಿಭಾಗ ಕೊಂಡು ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರ್ ಆಗಿದ್ದರೆ ಮದರ್‌ಬೋರ್ಡ್‌ನ ಮಾಡೆಲ್ ಬೇಕು. ಕ್ಯಾಬಿನೆಟ್ ಬಿಚ್ಚಬೇಕಿಲ್ಲ. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ತೆರೆದು 'ಬೇಸ್‌ಬೋರ್ಡ್ ಪ್ರಾಡಕ್ಟ್' ಎಂಬ ಸಾಲು ನೋಡಿ. ಆ ಬೋರ್ಡ್ ಕಂಪನಿಯ ತಾಣದಲ್ಲಿ ಚಿಪ್‌ಸೆಟ್, ನೆಟ್‌ವರ್ಕ್, ಸೌಂಡ್ ಮೂರೂ ಸಿಗುತ್ತವೆ. ಗ್ರಾಫಿಕ್ಸ್ ಕಾರ್ಡ್ ಬೇರೆ ಇದ್ದರೆ ಅದರ ಡ್ರೈವರ್ ನೇರ ಎನ್ವಿಡಿಯಾ ಅಥವಾ ಎಎಂಡಿ ತಾಣದಿಂದಲೇ ತನ್ನಿ.

ವಿಂಡೋಸ್ ಅಪ್‌ಡೇಟ್‌ನೊಳಗೆ ಒಂದು ಅಡಗಿದ ಜಾಗವೂ ಇದೆ. 'ಸೆಟ್ಟಿಂಗ್ಸ್' ಒಳಗೆ 'ವಿಂಡೋಸ್ ಅಪ್‌ಡೇಟ್', ಅದರೊಳಗೆ 'ಅಡ್ವಾನ್ಸ್ಡ್ ಆಪ್ಶನ್ಸ್', ಅದರೊಳಗೆ 'ಆಪ್ಶನಲ್ ಅಪ್‌ಡೇಟ್ಸ್'. ವಿಂಡೋಸ್ 10ರಲ್ಲಿ ಇದು ಅಪ್‌ಡೇಟ್ ಪುಟದಲ್ಲೇ ಕಾಣುತ್ತದೆ. ಕೆಲವು ಡ್ರೈವರ್‌ಗಳು ತಾವಾಗಿ ಇಳಿಯದೆ ಇಲ್ಲಿ ಕಾಯುತ್ತಾ ಕೂತಿರುತ್ತವೆ. ಏನೂ ತೊಂದರೆ ಇಲ್ಲದಿದ್ದರೆ ಇಲ್ಲಿರುವುದನ್ನೆಲ್ಲ ಹಾಕಿಕೊಳ್ಳಬೇಡಿ. ತೊಂದರೆ ಇರುವ ಸಾಧನದ್ದು ಕಂಡರೆ ಮಾತ್ರ ಹಾಕಿ.

ಇನ್ನು, ಬೇಡವೇ ಬೇಡ ಅನ್ನುವಂಥವು. "ನಿಮ್ಮ 27 ಡ್ರೈವರ್‌ಗಳು ಹಳತಾಗಿವೆ" ಎಂದು ಕೆಂಪು ಅಕ್ಷರದಲ್ಲಿ ಹೆದರಿಸಿ ದುಡ್ಡು ಕೇಳುವ ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್‌ಗಳನ್ನು ಹತ್ತಿರ ಸೇರಿಸಬೇಡಿ. ಚೆನ್ನಾಗಿ ನಡೆಯುತ್ತಿರುವ ಡ್ರೈವರ್ ಹಳೆಯದಾದರೆ ಏನೂ ನಷ್ಟವಿಲ್ಲ, ಭದ್ರತೆಯ ಕಾರಣ ಇದ್ದರೆ ಕಂಪನಿಯೇ ಹೇಳುತ್ತದೆ. ಇದಕ್ಕಿಂತ ಅಪಾಯದ್ದು, ಪ್ರಿಂಟರ್ ಸಹಾಯವಾಣಿ ಎಂದು ಗೂಗಲ್‌ನಲ್ಲಿ ಸಿಕ್ಕ ಯಾವುದೋ ನಂಬರ್‌ಗೆ ಫೋನ್ ಮಾಡುವುದು. ಆ ಕಡೆಯವರು ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆಗೇ ಕೈ ಹಾಕಿದ ಪ್ರಕರಣಗಳು ಎಷ್ಟೋ ಇವೆ. ಕಂಪನಿಯ ಸ್ವಂತ ತಾಣದಲ್ಲಿರುವ ನಂಬರ್ ಮಾತ್ರ ನಂಬಿ. ಮನೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆಂದೇ ಇರುವ ಸರ್ಕಾರಿ ಸಹಾಯವಾಣಿ ಅದು.

ಸರಿಪಡಿಸುವ ಕ್ರಮ

ನಿನ್ನೆ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಅಂದರೆ ಮೊದಲ ಮದ್ದು 'ರೋಲ್ ಬ್ಯಾಕ್ ಡ್ರೈವರ್'. ಸಾಧನದ 'ಪ್ರಾಪರ್ಟೀಸ್'ನಲ್ಲಿ 'ಡ್ರೈವರ್' ಟ್ಯಾಬ್‌ನೊಳಗೆ ಈ ಬಟನ್ ಇದೆ. ಒತ್ತಿದರೆ ಹಿಂದಿನ ಡ್ರೈವರ್ ವಾಪಸ್ ಬರುತ್ತದೆ. ಬಟನ್ ಮಸುಕಾಗಿದ್ದರೆ ಹಿಂದಿನದು ಕಂಪ್ಯೂಟರ್‌ನಲ್ಲಿ ಉಳಿದಿಲ್ಲ ಎಂದರ್ಥ. ರೋಲ್ ಬ್ಯಾಕ್ ಆದ ಮೇಲೆ ವಿಂಡೋಸ್ ಅಪ್‌ಡೇಟ್ ಮತ್ತೆ ಅದೇ ಕೆಟ್ಟ ಡ್ರೈವರನ್ನು ತಂದು ಹಾಕಬಹುದು. ಹಾಗಾಗಿ 'ಪಾಸ್ ಅಪ್‌ಡೇಟ್ಸ್' ಒತ್ತಿ ಒಂದೆರಡು ವಾರ ತಡೆಹಿಡಿಯಿರಿ. ಅಷ್ಟರಲ್ಲಿ ಸರಿಪಡಿಸಿದ ಆವೃತ್ತಿ ಬರುವ ಸಾಧ್ಯತೆ ಜಾಸ್ತಿ. ವಿಂಡೋಸ್‌ನ ದೊಡ್ಡ ಆವೃತ್ತಿಯೇ ಬದಲಾಗಿದ್ದರೆ 10 ದಿನದೊಳಗೆ 'ರಿಕವರಿ' ಪುಟದ 'ಗೋ ಬ್ಯಾಕ್' ಮೂಲಕ ಹಿಂದಿರುಗಬಹುದು.

ರೋಲ್ ಬ್ಯಾಕ್ ಆಗದಿದ್ದರೆ ಡ್ರೈವರ್ ತೆಗೆದು ಮತ್ತೆ ಹಾಕಬೇಕು. ಹೊಸ ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ವೈಫೈ ಡ್ರೈವರ್ ತೆಗೆದ ಮೇಲೆ ಇಂಟರ್ನೆಟ್ ಎಲ್ಲಿಂದ ಬರುತ್ತದೆ, ಅಲ್ವಾ? ಆಮೇಲೆ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್ ಡಿವೈಸ್' ಒತ್ತಿ. ಆಗ ಬರುವ ಪುಟ್ಟ ಕಿಟಕಿಯಲ್ಲಿ, ಡ್ರೈವರನ್ನೂ ತೆಗೆಯಬೇಕೇ ಎಂದು ಕೇಳುವ ಒಂದು ಚೌಕ ಇರುತ್ತದೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಅದಕ್ಕೆ ಟಿಕ್ ಹಾಕದಿದ್ದರೆ ರೀಸ್ಟಾರ್ಟ್ ಆದ ಕೂಡಲೇ ವಿಂಡೋಸ್ ತನ್ನ ಉಗ್ರಾಣದಿಂದ ಅದೇ ಕೆಟ್ಟ ಡ್ರೈವರನ್ನು ಎತ್ತಿ ಮತ್ತೆ ಹಾಕುತ್ತದೆ. ಟಿಕ್ ಹಾಕಿ, ತೆಗೆದು, ರೀಸ್ಟಾರ್ಟ್ ಮಾಡಿ, ಹೊಸದನ್ನು ಹಾಕಿ, ಮತ್ತೆ ರೀಸ್ಟಾರ್ಟ್ ಮಾಡಿ.

ಡೌನ್‌ಲೋಡ್ ಆಗಿದ್ದು ಸೆಟಪ್ ಫೈಲ್ ಆದರೆ ಡಬಲ್ ಕ್ಲಿಕ್ ಸಾಕು. ಜಿಪ್ ಅಥವಾ ಕ್ಯಾಬ್ ಫೈಲ್ ಆದರೆ ಒಂದು ಫೋಲ್ಡರ್‌ಗೆ ಬಿಚ್ಚಿ. ಡಿವೈಸ್ ಮ್ಯಾನೇಜರ್‌ನಲ್ಲಿ 'ಅಪ್‌ಡೇಟ್ ಡ್ರೈವರ್', ಆಮೇಲೆ 'ಬ್ರೌಸ್ ಮೈ ಕಂಪ್ಯೂಟರ್ ಫಾರ್ ಡ್ರೈವರ್ಸ್' ಒತ್ತಿ ಆ ಫೋಲ್ಡರ್ ತೋರಿಸಿ. ಒಳಗಿನ ಫೋಲ್ಡರ್‌ಗಳನ್ನೂ ಹುಡುಕು ಎನ್ನುವ ಚೌಕಕ್ಕೆ ಟಿಕ್ ಇರಲಿ.

ಅದೇ ಮೆನುವಿನಲ್ಲಿ 'ಸರ್ಚ್ ಆಟೊಮ್ಯಾಟಿಕಲಿ' ಒತ್ತಿದಾಗ "ಅತ್ಯುತ್ತಮ ಡ್ರೈವರ್ ಈಗಾಗಲೇ ಇದೆ" ಎಂಬ ಉತ್ತರ ಬಂದರೆ ಅದನ್ನು ಪೂರ್ತಿ ನಂಬಬೇಡಿ. ಕೈಗೆಟಕುವ ಜಾಗದಲ್ಲಿ ಬೇರೆ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಕಂಪನಿಯ ತಾಣದಲ್ಲಿ ಹೊಸದು ಇರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಸ್ಟಾರ್ಟ್ ಮಾಡಿ, ನೋಡಿ. ಐದು ಡ್ರೈವರ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತೇ ಆಗುವುದಿಲ್ಲ.

ವೈಫೈ

ವೈಫೈ ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಇದಕ್ಕೆ ಪರಿಹಾರ ನಿಮ್ಮ ಜೇಬಿನಲ್ಲೇ ಇದೆ. ಆ್ಯಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆಥರಿಂಗ್' ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುವುದರಿಂದ ಕೆಲವೇ ಸೆಕೆಂಡ್‌ಗಳಲ್ಲಿ ಇಂಟರ್ನೆಟ್ ಬರುತ್ತದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಅದನ್ನೇ ಹಂಚುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ.

ವೈಫೈ ಆಗಾಗ ಕಡಿದುಹೋಗುತ್ತಿದ್ದರೆ ಅಡಾಪ್ಟರ್‌ನ 'ಪ್ರಾಪರ್ಟೀಸ್'ನಲ್ಲಿ 'ಪವರ್ ಮ್ಯಾನೇಜ್‌ಮೆಂಟ್' ಟ್ಯಾಬ್ ನೋಡಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಚೌಕದ ಟಿಕ್ ತೆಗೆಯಿರಿ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬ್ ಇರುವುದಿಲ್ಲ, ಇದ್ದರೆ ಬಿಡಬೇಡಿ.

ಸೌಂಡ್

ಡ್ರೈವರ್ ಮುಟ್ಟುವ ಮೊದಲು ಕೆಳಗಿನ ಸ್ಪೀಕರ್ ಗುರುತು ಒತ್ತಿ, ಸೌಂಡ್ ಯಾವ ಕಡೆ ಹೋಗುತ್ತಿದೆ ನೋಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಮಾನಿಟರ್ ಅಥವಾ ಟಿವಿ ಜೋಡಿಸಿದ್ದರೆ ಸೌಂಡ್ ಅದಕ್ಕೆ ಹೋಗಿ ಕೂತಿರುತ್ತದೆ. ನಿಜಕ್ಕೂ ಡ್ರೈವರ್ ಕೆಟ್ಟಿದ್ದು, ಸರಿಯಾದದ್ದು ಸಿಗದಿದ್ದರೆ ವಿಂಡೋಸ್‌ನ ಸಾಮಾನ್ಯ ಡ್ರೈವರ್ ಹಾಕಿ ನೋಡಬಹುದು. 'ಬ್ರೌಸ್ ಮೈ ಕಂಪ್ಯೂಟರ್' ಒಳಗೆ 'ಲೆಟ್ ಮಿ ಪಿಕ್' ಆರಿಸಿದರೆ 'ಹೈ ಡೆಫಿನಿಶನ್ ಆಡಿಯೊ ಡಿವೈಸ್' ಎಂಬುದು ಕಾಣುತ್ತದೆ. ಕಂಪನಿ ಡ್ರೈವರ್‌ನಷ್ಟು ಇಂಪಾಗಿ ಕೇಳಿಸದಿರಬಹುದು, ಆದರೆ ಬಹಳಷ್ಟು ಯಂತ್ರಗಳಲ್ಲಿ ಕೆಲಸ ನಡೆಯುತ್ತದೆ.

ಗ್ರಾಫಿಕ್ಸ್

ಪರದೆ ಕಪ್ಪಾಗಿ ಯಂತ್ರ ಮಾತ್ರ ಓಡುತ್ತಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು 'ಬೀಪ್' ಕೇಳಿಸಿ ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ. ತೆರೆದಿಟ್ಟ ಕೆಲಸ ಹೋಗುವುದಿಲ್ಲ.

ಗ್ರಾಫಿಕ್ಸ್ ಡ್ರೈವರ್ ಪದೇ ಪದೇ ಕೈಕೊಡುತ್ತಿದ್ದರೆ, ಅಥವಾ ಎನ್ವಿಡಿಯಾ ಕಾರ್ಡ್ ತೆಗೆದು ಎಎಂಡಿ ಹಾಕಿದ್ದರೆ, ಹಳೆಯದರ ಪಳೆಯುಳಿಕೆ ಇಲ್ಲದಂತೆ ಗುಡಿಸಬೇಕು. ಇದಕ್ಕೆ 'ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್' ಎಂಬ ಉಚಿತ ಸಾಫ್ಟ್‌ವೇರ್ ಇದೆ. ಡಿಡಿಯು ಅಂತಲೇ ಎಲ್ಲರೂ ಕರೆಯುವುದು. ಇಂಟರ್ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ಅದನ್ನು ಓಡಿಸಿ, ರೀಸ್ಟಾರ್ಟ್ ಆದ ಮೇಲೆ ಹೊಸ ಡ್ರೈವರ್ ಹಾಕಿ. ಇಂಟರ್ನೆಟ್ ಕಡಿಯಲು ಹೇಳುವುದಕ್ಕೆ ಕಾರಣವಿದೆ. ಇಲ್ಲದಿದ್ದರೆ ನೀವು ಹಾಕುವಷ್ಟರಲ್ಲಿ ವಿಂಡೋಸ್ ಅಪ್‌ಡೇಟೇ ಯಾವುದೋ ಒಂದನ್ನು ತಂದು ಹಾಕಿಬಿಟ್ಟಿರುತ್ತದೆ.

ಪ್ರಿಂಟರ್

ಪ್ರಿಂಟರ್ 'ಆಫ್‌ಲೈನ್' ಎಂದು ತೋರಿಸಿದರೆ ಅದು ಹೆಚ್ಚಾಗಿ ಡ್ರೈವರ್ ತಪ್ಪಲ್ಲ. ವೈಫೈ ಪ್ರಿಂಟರ್ ಆದರೆ ರೂಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟಿರುತ್ತದೆ. ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿದರೆ ಸಾಕು. ಪ್ರಿಂಟ್ ಕೊಟ್ಟಿದ್ದು ಮುಂದೂ ಹೋಗದೆ, ಅಳಿಸಲೂ ಆಗದೆ ಸಿಕ್ಕಿಕೊಂಡಿದ್ದರೆ ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ತೆರೆದು, ಪ್ರಿಂಟ್‌ಗಳನ್ನು ಸಾಲಾಗಿ ಕಳಿಸುವ 'ಪ್ರಿಂಟ್ ಸ್ಪೂಲರ್' ಅನ್ನು 'ಸ್ಟಾಪ್' ಮಾಡಿ. ಸಿ ಡ್ರೈವ್‌ನ 'ವಿಂಡೋಸ್' ಒಳಗೆ 'ಸಿಸ್ಟಮ್32', ಅದರೊಳಗೆ 'ಸ್ಪೂಲ್', ಅದರೊಳಗೆ 'ಪ್ರಿಂಟರ್ಸ್' ಫೋಲ್ಡರ್ ಇದೆ. ಆ ಫೋಲ್ಡರ್ ಇರಲಿ, ಅದರಲ್ಲಿರುವ ಫೈಲ್‌ಗಳನ್ನು ಮಾತ್ರ ಅಳಿಸಿ. ಆಮೇಲೆ ಸ್ಪೂಲರ್ 'ಸ್ಟಾರ್ಟ್' ಮಾಡಿ. ಹೊಸ ಯುಎಸ್‌ಬಿ ಪ್ರಿಂಟರ್ ಕೊಂಡಾಗ ಸಾಫ್ಟ್‌ವೇರ್ ಕೇಳಿದ ಮೇಲೆಯೇ ಕೇಬಲ್ ಜೋಡಿಸಿ, ಮೊದಲೇ ಬೇಡ.

ಹಳೆ ಸಾಧನ, ಹೊಸ ವಿಂಡೋಸ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಷ್ಟೋ ಮನೆಗಳು 11ಕ್ಕೆ ಬಂದವು, ಹಳೆಯ ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳು ಹಿಂದೆ ಬಿದ್ದವು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. 32 ಬಿಟ್ ಡ್ರೈವರ್ ಅದರಲ್ಲಿ ಯಾವ ಉಪಾಯ ಮಾಡಿದರೂ ಓಡುವುದಿಲ್ಲ. ಕಂಪನಿ 64 ಬಿಟ್ ಡ್ರೈವರ್ ಕೊಟ್ಟಿದ್ದರೆ, ಅದು ವಿಂಡೋಸ್ 7 ಅಥವಾ 8ರ ಕಾಲದ್ದಾದರೂ ಪ್ರಯತ್ನಿಸಬಹುದು, ಹಲವು ಸಲ ಹಿಡಿಯುತ್ತದೆ.

'ವಿಂಡೋಸ್ ಸೆಕ್ಯುರಿಟಿ' ಒಳಗಿನ 'ಕೋರ್ ಐಸೊಲೇಶನ್' ಪುಟದಲ್ಲಿ ಕೆಟ್ಟ ಸಾಫ್ಟ್‌ವೇರ್ ಕರ್ನಲ್‌ಗೆ ನುಗ್ಗದಂತೆ ಕಾಯುವ 'ಮೆಮೊರಿ ಇಂಟೆಗ್ರಿಟಿ' ಎಂಬ ಸ್ವಿಚ್ ಇದೆ. ಅದು ಆನ್ ಇದ್ದರೆ ಕೆಲವು ಹಳೆಯ ಡ್ರೈವರ್‌ಗಳನ್ನು ತಡೆಯುತ್ತದೆ. ಯಾವ ಡ್ರೈವರ್ ಹೊಂದುತ್ತಿಲ್ಲ ಎಂದು ಅಲ್ಲೇ ಪಟ್ಟಿ ಕೊಡುತ್ತದೆ. ಹಳೆಯ ಗ್ಯಾಜೆಟ್ ಒಂದಕ್ಕಾಗಿ ಆ ಸ್ವಿಚ್ ಆಫ್ ಮಾಡಿಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರ್‌ನಲ್ಲಂತೂ ಬೇಡ.

ನೀಲಿ ಪರದೆ ಬಂದು ಕಂಪ್ಯೂಟರ್ ನಿಂತರೆ

ಈಚಿನ ವಿಂಡೋಸ್ 11ರಲ್ಲಿ ಅದು ಕಪ್ಪು ಪರದೆ. ಬಣ್ಣ ಯಾವುದಾದರೂ ಆಗಲಿ, ಫೋನ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕೆಳಗೆ ಎಸ್‌ವೈಎಸ್‌ನಿಂದ ಕೊನೆಯಾಗುವ ಫೈಲ್ ಹೆಸರು ಇದ್ದರೆ ಅದೇ ಸುಳಿವು. 'ಎನ್‌ವಿ'ಯಿಂದ ಶುರುವಾಗುವ ಉದ್ದನೆಯ ಹೆಸರು ಹೆಚ್ಚಾಗಿ ಎನ್ವಿಡಿಯಾ. 'ನೆಟ್‌ಡಬ್ಲ್ಯೂಟಿಡಬ್ಲ್ಯೂ' ಎಂದಿದ್ದರೆ ಇಂಟೆಲ್ ವೈಫೈ. ಫೋಟೊ ತಪ್ಪಿದರೆ ಚಿಂತೆಯಿಲ್ಲ. 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿ ತೆರೆದರೆ ಯಾವ ದಿನ ಯಾವ ಡ್ರೈವರ್ ಬಂತು, ಯಾವ ದಿನದಿಂದ ಕುಸಿಯಲು ಶುರುವಾಯಿತು ಎಂದು ದಿನವಾರು ತೋರಿಸುತ್ತದೆ. ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತಿದ್ದರೆ ಡ್ರೈವರ್ ಬಿಟ್ಟು ರ‍್ಯಾಮ್ ಮೇಲೆ ಅನುಮಾನ ಪಡಿ. 'ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್' ಓಡಿಸಿ ನೋಡಿ.

ಕಂಪ್ಯೂಟರ್ ಶುರುವೇ ಆಗದಿದ್ದರೆ, ವಿಂಡೋಸ್ ಲೋಡ್ ಆಗುತ್ತಿರುವಾಗ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಹೀಗೆ ಸತತ ಎರಡು-ಮೂರು ಸಲ ಮಾಡಿದರೆ ರಿಪೇರಿ ಮೆನು ತಾನಾಗಿ ಬರುತ್ತದೆ. 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಶನ್ಸ್', 'ಸ್ಟಾರ್ಟಪ್ ಸೆಟ್ಟಿಂಗ್ಸ್', 'ರೀಸ್ಟಾರ್ಟ್', ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ತೀರಾ ಅಗತ್ಯದ ಡ್ರೈವರ್‌ಗಳು ಮಾತ್ರ ಓಡುವುದರಿಂದ ಕೆಟ್ಟದ್ದನ್ನು ತೆಗೆದುಹಾಕಬಹುದು. ಸೇಫ್ ಮೋಡ್ ಕೂಡ ಬರದಿದ್ದರೆ ಅದೇ 'ಅಡ್ವಾನ್ಸ್ಡ್ ಆಪ್ಶನ್ಸ್'ನಲ್ಲಿ 'ಸಿಸ್ಟಮ್ ರೀಸ್ಟೋರ್' ಮತ್ತು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಎರಡೂ ಇವೆ. ಮೊದಲೇ ಮಾಡಿಟ್ಟ ರೀಸ್ಟೋರ್ ಪಾಯಿಂಟ್ ಕೈ ಹಿಡಿಯುವುದು ಇಲ್ಲೇ.

ಡ್ರೈವರ್ ಕೆಟ್ಟಿದೆಯೋ ಸಾಧನವೇ ಸತ್ತಿದೆಯೋ?

ಇದನ್ನು ತೀರ್ಮಾನಿಸಲು ಒಂದು ನೇರ ಪರೀಕ್ಷೆ ಇದೆ. ಉಬುಂಟು ಲಿನಕ್ಸನ್ನು (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಪೆನ್ ಡ್ರೈವ್‌ಗೆ ಹಾಕಿ, ಅದರಿಂದ ಕಂಪ್ಯೂಟರ್ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಮಾತ್ರ ಆರಿಸಿ. ನಿಮ್ಮ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಅಲ್ಲಿ ವೈಫೈ, ಸೌಂಡ್ ಕೆಲಸ ಮಾಡಿದರೆ ಸಾಧನ ಗಟ್ಟಿಯಾಗಿದೆ, ತಪ್ಪು ವಿಂಡೋಸ್ ಡ್ರೈವರ್‌ನದ್ದು. ಅಲ್ಲೂ ಕಾಣದಿದ್ದರೆ ಸಾಧನವೇ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಯುಎಸ್‌ಬಿ ವೈಫೈ ಡಾಂಗಲ್ ಅಥವಾ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿಕೊಂಡರೆ ಕಡಿಮೆ ಖರ್ಚಲ್ಲಿ ಕೆಲಸ ಮುಂದುವರಿಯುತ್ತದೆ.

ಬಯಾಸ್ ಅಪ್‌ಡೇಟ್ ಬಗ್ಗೆ ಒಂದು ಎಚ್ಚರಿಕೆ. ಡ್ರೈವರ್ ಹುಡುಕುವ ಪುಟದಲ್ಲೇ ಅದೂ ಕಾಣುತ್ತದೆ, ಕೈ ತುರಿಸುತ್ತದೆ. ಅದರ ಮಧ್ಯೆ ಕರೆಂಟ್ ಹೋದರೆ ಮದರ್‌ಬೋರ್ಡೇ ಕೈಬಿಡಬಹುದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮಾಡಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಇರಲಿ.

ವಿಂಡೋಸ್ ಹೊಸದಾಗಿ ಹಾಕಲೇಬೇಕಾದರೆ

ಕೆಲವು ಸಲ ಅದೊಂದೇ ದಾರಿ ಉಳಿಯುತ್ತದೆ. ಹಾಗಿದ್ದರೆ ಫೋಟೊ, ಡಾಕ್ಯುಮೆಂಟ್ ಬ್ಯಾಕಪ್ ಜೊತೆಗೆ ಡ್ರೈವರ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಸಿ ಡ್ರೈವ್, 'ವಿಂಡೋಸ್', 'ಸಿಸ್ಟಮ್32', 'ಡ್ರೈವರ್‌ಸ್ಟೋರ್' ಒಳಗೆ 'ಫೈಲ್‌ರೆಪಾಸಿಟರಿ' ಎಂಬ ಫೋಲ್ಡರ್ ಇದೆ. ಮೇಲೆ ಹೇಳಿದ ಉಗ್ರಾಣ ಇದೇ. ಅದನ್ನು ಇಡಿಯಾಗಿ ಪೆನ್ ಡ್ರೈವ್‌ಗೆ ಕಾಪಿ ಮಾಡಿ. ಹೊಸ ವಿಂಡೋಸ್ ಬಂದ ಮೇಲೆ ಹಳದಿ ಗುರುತಿನ ಪ್ರತಿ ಸಾಧನಕ್ಕೂ 'ಬ್ರೌಸ್ ಮೈ ಕಂಪ್ಯೂಟರ್' ಒತ್ತಿ ಆ ಫೋಲ್ಡರ್ ತೋರಿಸಿದರೆ ತನಗೆ ಬೇಕಾದ್ದನ್ನು ಅದೇ ಹುಡುಕಿಕೊಳ್ಳುತ್ತದೆ.

ಇಂಟೆಲ್‌ನ 11ನೇ ತಲೆಮಾರು ಮತ್ತು ಆನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕಲು ಹೋದಾಗ ಡಿಸ್ಕ್ ಪಟ್ಟಿಯೇ ಖಾಲಿ ಕಾಣುತ್ತದೆ. ಎಸ್‌ಎಸ್‌ಡಿ (ಈಗಿನ ಲ್ಯಾಪ್‌ಟಾಪ್‌ಗಳ ಡಿಸ್ಕ್) ಸತ್ತಿದೆ ಎಂದು ಹೊಸದು ಕೊಳ್ಳಲು ಓಡಬೇಡಿ. ಆ ಯಂತ್ರಗಳಲ್ಲಿ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಇಂಟೆಲ್‌ನ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಎಸ್‌ಎಸ್‌ಡಿ ಇರುತ್ತದೆ, ಇನ್‌ಸ್ಟಾಲರ್‌ಗೆ ಅದರ ಡ್ರೈವರ್ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಪುಟದಿಂದ 'ಇಂಟೆಲ್ ರ‍್ಯಾಪಿಡ್ ಸ್ಟೋರೇಜ್' ಡ್ರೈವರ್ ತಂದು, ಬಿಚ್ಚಿ, ಇನ್‌ಸ್ಟಾಲ್ ಪೆನ್ ಡ್ರೈವ್‌ನಲ್ಲೇ ಒಂದು ಫೋಲ್ಡರ್‌ನಲ್ಲಿ ಹಾಕಿ. ಖಾಲಿ ಪಟ್ಟಿ ಬಂದಾಗ 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿ. ಎಸ್‌ಎಸ್‌ಡಿ ಕಾಣಿಸಿಕೊಳ್ಳುತ್ತದೆ.

ವಿಂಡೋಸ್ ಕೂತ ಮೇಲೆ ಮೊದಲು ಚಿಪ್‌ಸೆಟ್ ಡ್ರೈವರ್ ಹಾಕಿ, ಆಮೇಲೆ ಗ್ರಾಫಿಕ್ಸ್, ವೈಫೈ, ಸೌಂಡ್. ನಂತರ ವಿಂಡೋಸ್ ಅಪ್‌ಡೇಟ್ ಪೂರ್ತಿ ಓಡಲಿ. ಡಿವೈಸ್ ಮ್ಯಾನೇಜರ್‌ನಲ್ಲಿ ಒಂದೂ ಹಳದಿ ಗುರುತು ಇಲ್ಲ ಎಂದು ನೋಡಿಕೊಂಡು ಆ ದಿನವೇ ಒಂದು ರೀಸ್ಟೋರ್ ಪಾಯಿಂಟ್ ಮಾಡಿಡಿ.